ತಳಕಾಡುಗೊಂಡದಿಂದ ಮತಗಟ್ಟೆಯವರೆಗೆ

ಹೊಯ್ಸಳರ ಒಂದು ಚಿನ್ನದ ನಾಣ್ಯದ ಮೇಲೆ ಕನ್ನಡ ಅಕ್ಷರಗಳಲ್ಲಿ ‘ಶ್ರೀ ತಳಕಾಡುಗೊಂಡ’ ಎಂದಿದೆ. ತೂಕ ನಾಲ್ಕು ಗ್ರಾಮಿನ ಆಸುಪಾಸು, ಅಗಲ ಹೆಬ್ಬೆರಳ ಉಗುರಿಗಿಂತ ಹೆಚ್ಚಿಲ್ಲ. 1116ರಲ್ಲಿ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಚೋಳರಿಂದ ತಲಕಾಡನ್ನು ಕಿತ್ತುಕೊಂಡ. ಆ ಗೆಲುವನ್ನು ಅರಸ ಬಿರುದಾಗಿ ಧರಿಸಿ, ಬಿರುದನ್ನು ಟಂಕಸಾಲೆಗೂ ಕಳಿಸಿದ. ಹೊಯ್ಸಳರದೇ ಇನ್ನೊಂದು ನಾಣ್ಯದ ಮೇಲೆ ಇರುವುದು ‘ಶ್ರೀ ಮಲಪರೊಳ್ ಗಂಡ’, ಎಂದರೆ ಮಲೆಯ ನಾಯಕರಲ್ಲಿ ಗಂಡೆದೆಯವನು.

ಎರಡು ನಾಣ್ಯಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ಒಂದು ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ‘ಮಲಪರೊಳ್ ಗಂಡ’ ಎಂಬಲ್ಲಿ ಎರಡು ಪದಗಳ ನಡುವೆ ‘ಒಳ್’ ಎಂಬ ವಿಭಕ್ತಿ ನಿಂತಿದೆ. ಪದಗಳು ನೆರೆಹೊರೆಯವರು, ಒಂದೇ ಮನೆಯವರಲ್ಲ. ‘ತಳಕಾಡುಗೊಂಡ’ ಎಂಬಲ್ಲಿ ‘ತಳಕಾಡನ್ನು’ ಎನ್ನುವಾಗಿನ ‘ಅನ್ನು’ ಬಿದ್ದುಹೋಗಿದೆ. ಅಷ್ಟೇ ಅಲ್ಲ, ‘ಕೊಂಡ’ ಎಂಬುದರ ಕಕಾರ ಮೆತ್ತಗಾಗಿ ಗಕಾರವಾಗಿದೆ. ಎರಡು ಬಟ್ಟೆಗಳನ್ನು ಸೇರಿಸಿ ಹೊಲಿದಾಗ ಹೊಲಿಗೆಯ ಗೆರೆ ಕಾಣುವಂತೆ, ಇಲ್ಲಿ ಎರಡು ಪದ ಒಂದಾದದ್ದಕ್ಕೆ ಆ ಗಕಾರವೇ ಸಾಕ್ಷಿ.

ಈ ಹೊಲಿಗೆಯನ್ನು ವ್ಯಾಕರಣದವರು ಸಮಾಸ ಎಂದರು. ಪದಗಳು ಹೇಗೆ ಕೂಡಬೇಕು, ಯಾವುದು ಯಾವುದರ ಜೊತೆ ಕೂಡಬಾರದು ಎಂಬ ಬಗ್ಗೆ ಕನ್ನಡದಲ್ಲಿ ಸಾವಿರ ವರ್ಷಕ್ಕೂ ಮೇಲ್ಪಟ್ಟು ನಡೆದ ವಾದ ಈ ನಾಡಿನ ಸಾಹಿತ್ಯಚರಿತ್ರೆಯ ಮುಖ್ಯ ಎಳೆಗಳಲ್ಲಿ ಒಂದು. ಶಾಲೆಯಲ್ಲಿ ಅದು ಎರಡು ಅಂಕದ ಪ್ರಶ್ನೆಯಾಗಿ ಉಳಿದುಬಿಟ್ಟಿರುವುದು ನಷ್ಟವೇ.

ಹೊಲಿಗೆ ಮಾತ್ರ ವ್ಯಾಕರಣಕ್ಕಿಂತ ಬಹಳ ಹಳೆಯದು. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ 1936ರಲ್ಲಿ ಎಂ. ಎಚ್. ಕೃಷ್ಣ ಅವರು ಗುರುತಿಸಿದ ಶಾಸನ ಸುಮಾರು ಕ್ರಿ.ಶ. 450ರದು. ಯುದ್ಧದಲ್ಲಿ ಗೆದ್ದ ವೀರನಿಗೆ ಎರಡು ಹಳ್ಳಿಗಳನ್ನು ಕೊಟ್ಟ ದಾಖಲೆ ಅದು. ಆ ದಾನಕ್ಕೆ ಶಾಸನ ಬಳಸಿರುವ ಪದ ‘ಬಾಳ್ಗಳ್ಚು’. ಬಾಳ್ ಎಂದರೆ ಕತ್ತಿ, ಕಳ್ಚು ಎಂದರೆ ತೊಳೆ. ಕತ್ತಿಗೆ ಅಂಟಿದ ನೆತ್ತರು ತೊಳೆದದ್ದಕ್ಕೆ ಕೊಟ್ಟ ಮಾನ್ಯ! ಒಂದು ಇಡೀ ರಣರಂಗ, ಅದರ ಮರುದಿನದ ಆಚರಣೆ, ಅರಸನ ಋಣಸಂದಾಯ ಎಲ್ಲವೂ ಮೂರಕ್ಷರದೊಳಗೆ ಅಡಗಿವೆ. ಅಲ್ಲಿಯೂ ಕಕಾರ ಗಕಾರವಾಗಿದೆ. ಆಗ ಕನ್ನಡಕ್ಕೆ ಯಾವ ವ್ಯಾಕರಣ ಪುಸ್ತಕದ ಸುಳಿವೂ ಇಲ್ಲ. ಕಲ್ಲು ಕೆತ್ತಿಸಿದವನು ಸೂತ್ರ ಓದಿ ಬರೆಸಲಿಲ್ಲ, ಬಾಯಿಗೆ ಬಂದಂತೆ ಬರೆಸಿದ.

ಅದೇ ಹಲ್ಮಿಡಿ ಶಾಸನದಲ್ಲಿ ಸಂಸ್ಕೃತದ ಉದ್ದುದ್ದ ಸಮಾಸಗಳೂ ತುಂಬಿವೆ. ತಂಟೆಯ ಬೀಜ ಅಲ್ಲಿಯೇ ಇತ್ತು ಎನ್ನಬಹುದು. ಸಂಸ್ಕೃತ ಪದಗಳು ತಮ್ಮದೇ ನಿಯಮದಲ್ಲಿ ಕೂಡುತ್ತವೆ, ಕನ್ನಡ ಪದಗಳು ತಮ್ಮದೇ ಹದದಲ್ಲಿ ಕೂಡುತ್ತವೆ. ಒಂದು ಅಲ್ಲಿಯದು, ಒಂದು ಇಲ್ಲಿಯದು ಆದಾಗ ಯಾರ ನಿಯಮ ನಡೆಯಬೇಕು?

ಈ ಪ್ರಶ್ನೆಗೆ ನಮಗೆ ಸಿಗುವ ಮೊದಲ ಉತ್ತರ ಮಳಖೇಡದಿಂದ ಬಂತು. ಇಂದು ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಡದ ಊರು ಅದು. ಅಂದು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಸುಮಾರು 850ರಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವನ್ನು ಶ್ರೀವಿಜಯ ರಚಿಸಿದನೆಂದು ಹೆಚ್ಚಿನ ವಿದ್ವಾಂಸರು ಒಪ್ಪಿದ್ದಾರೆ. ಕನ್ನಡವನ್ನೂ ಸಂಸ್ಕೃತವನ್ನೂ ಹದ ತಿಳಿಯದೆ ಸಮಾಸದಲ್ಲಿ ಬೆರೆಸುವುದು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಹಾಕಿದ ಹಾಗೆ ಎಂದು ಅವನು ಹೇಳುತ್ತಾನೆ. ಹಾಲು ಕಾಯಿಸಿ ಬಲ್ಲ ಯಾರಿಗೂ ಇದಕ್ಕೆ ವ್ಯಾಖ್ಯಾನ ಬೇಕಿಲ್ಲ. ಹಾಲು ಒಡೆಯುತ್ತದೆ, ಹಾಲೂ ಹೋಯಿತು, ಮಜ್ಜಿಗೆಯೂ ದಕ್ಕಲಿಲ್ಲ.

ಇಲ್ಲಿ ಗಮನಿಸಬೇಕಾದ್ದು ಶ್ರೀವಿಜಯ ಹೋಲಿಕೆಯನ್ನು ಅಡುಗೆಮನೆಯಿಂದ ತಂದದ್ದು. ಅವನ ತಕರಾರು ರುಚಿಯದು, ಜಾತಿಯದಲ್ಲ. ಸಂಸ್ಕೃತ ಬೇಡವೆಂದು ಅವನೆಲ್ಲೂ ಹೇಳುವುದಿಲ್ಲ. ಕನ್ನಡದ ಬಾಯಿಗೆ ಒಗ್ಗಿಹೋದ, ರೂಪ ಕೆಡದೆ ಕನ್ನಡದಲ್ಲಿ ನಡೆಯುವ ಸಮಸಂಸ್ಕೃತ ಪದಗಳ ಜೊತೆ ಕನ್ನಡ ಪದಗಳನ್ನು ಹೊಂದಿಸಿ ಹೇಳಬಹುದು ಎಂದು ದಾರಿಯನ್ನೂ ತೋರಿಸುತ್ತಾನೆ. ಕಿವಿ ಒಪ್ಪಿದರೆ ಸರಿ, ಕಿವಿಗೆ ಕರಕರ ಎಂದರೆ ತಪ್ಪು. ಕವಿಗೆ ಕವಿ ಕೊಟ್ಟ ಬುದ್ಧಿಮಾತು ಇದು. 1112ರಲ್ಲಿ ಮುಳುಗುಂದದ ನಯಸೇನ ‘ಧರ್ಮಾಮೃತ’ ಬರೆಯುವಾಗಲೂ ಹೋಲಿಕೆ ಅಡುಗೆಮನೆಯದೇ: ತುಪ್ಪಕ್ಕೆ ಎಣ್ಣೆ ಬೆರೆಸುವುದುಂಟೆ ಎಂದು ಅವನು ಕೇಳಿದ.

ಕೇಶಿರಾಜನ ಕಾಲಕ್ಕೆ ಮಾತು ಸ್ವಲ್ಪ ಬಿಗಿಯಾಯಿತು.

ಕೇಶಿರಾಜ ಹುಟ್ಟಿದ ಮನೆ ಕನ್ನಡ ಸಾಹಿತ್ಯದ ಉಗ್ರಾಣ. ತಂದೆ ಮಲ್ಲಿಕಾರ್ಜುನ ‘ಸೂಕ್ತಿಸುಧಾರ್ಣವ’ ಎಂಬ ಹಳೆಯ ಪದ್ಯಗಳ ಸಂಕಲನ ಕಟ್ಟಿದವನು. ಸೋದರಮಾವ ‘ಯಶೋಧರ ಚರಿತೆ’ಯ ಜನ್ನ. ತಾಯಿಯ ತಂದೆ ಕವಿ ಸುಮನೋಬಾಣ. ಸುಮಾರು 1260ರಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ ಬರೆದಾಗ ಕೈಗೆಟುಕುವ ದೂರದಲ್ಲಿ ನಾಲ್ಕು ಶತಮಾನಗಳ ಕಾವ್ಯವಿತ್ತು. ಸೂತ್ರವನ್ನು ಕಂದಪದ್ಯದಲ್ಲಿ ಹೇಳಿ, ಗದ್ಯದಲ್ಲಿ ವೃತ್ತಿ ಬರೆದು, ಕೆಳಗೆ ಹಿಂದಿನ ಕವಿಗಳ ಪ್ರಯೋಗ ಕೊಡುವುದು ಅವನ ಕ್ರಮ. ತನಗೆ ಲಕ್ಷ್ಯವಾದ ಕವಿಗಳೆಂದು ಗಜಗ, ಗುಣನಂದಿ, ಮನಸಿಜ, ಅಸಗ, ಚಂದ್ರಭಟ್ಟ, ಗುಣವರ್ಮ, ಶ್ರೀವಿಜಯ, ಪೊನ್ನ, ಪಂಪ, ಸುಜನೋತ್ತಂಸರನ್ನು ಅವನು ಹೆಸರಿಸುತ್ತಾನೆ. ಇವರಲ್ಲಿ ಗಜಗ, ಗುಣನಂದಿ, ಮನಸಿಜ, ಚಂದ್ರಭಟ್ಟರ ಕಾವ್ಯಗಳು ಇಂದು ನಮಗೆ ಉಳಿದಿಲ್ಲ. ಪದಗಳು ಹೇಗೆ ಕೂಡುತ್ತವೆ ಎಂದು ತೋರಿಸಲು ಹೊರಟವನು ದಾರಿಯಲ್ಲಿ ಕಳೆದುಹೋದ ಕವಿಗಳ ಹೆಸರುಗಳನ್ನೂ ಉಳಿಸಿಕೊಟ್ಟ.

ಸಮಾಸ ಪ್ರಕರಣಕ್ಕೆ ಬಂದಾಗ ಅವನ ಮುಂದೆ ಸಂಸ್ಕೃತ ವ್ಯಾಕರಣದ ಸಿದ್ಧ ಅಚ್ಚುಗಳಿದ್ದವು: ತತ್ಪುರುಷ, ಕರ್ಮಧಾರಯ, ದ್ವಿಗು, ದ್ವಂದ್ವ, ಬಹುವ್ರೀಹಿ, ಅವ್ಯಯೀಭಾವ. ಕನ್ನಡದ ಎಷ್ಟೋ ಪದಗಳು ಇವುಗಳಲ್ಲಿ ಚೆನ್ನಾಗಿಯೇ ಕೂತವು. ಹಣೆಯಲ್ಲಿ ಕಣ್ಣುಳ್ಳವನು ಹಣೆಗಣ್ಣ. ಮೂರು ಕಣ್ಣುಳ್ಳವನು ಮುಕ್ಕಣ್ಣ. ಬಹುವ್ರೀಹಿ ಎಂಬ ಹೆಸರೇ ಹೀಗೆ ಹುಟ್ಟಿದ್ದು, ಬಹಳ ಭತ್ತ ಉಳ್ಳವನು ಎಂದು. ಆದರೆ ಒಂದು ರಾಶಿ ಪದಗಳು ಯಾವ ಅಚ್ಚಿಗೂ ಇಳಿಯಲಿಲ್ಲ. ಮೈದಡವು, ಕಂಗೆಡು, ಬೆನ್ನಟ್ಟು, ತಲೆದೂಗು, ಕೈಮುಗಿ. ಇಲ್ಲಿ ಉತ್ತರಪದ ಕ್ರಿಯಾಪದ. ನಾಮಪದವೊಂದು ವಿಭಕ್ತಿ ಕಳಚಿಕೊಂಡು ಕ್ರಿಯೆಗೆ ಅಂಟಿಕೊಳ್ಳುವ ಈ ಬಗೆಗೆ ಸಂಸ್ಕೃತದ ಆರು ಅಚ್ಚುಗಳಲ್ಲಿ ಜಾಗವಿರಲಿಲ್ಲ. ಕೇಶಿರಾಜ ಪದಗಳನ್ನು ಹಿಂಡಿ ತುರುಕಲಿಲ್ಲ. ಕ್ರಿಯಾಸಮಾಸ ಎಂಬ ಬೇರೆ ಹೆಸರನ್ನೇ ಇಟ್ಟುಕೊಂಡ. ಅವನನ್ನು ಬರಿಯ ಸಂಸ್ಕೃತದ ಅನುಕರಣಕಾರ ಎಂದು ತಳ್ಳಿಹಾಕುವವರು ಈ ಜಾಗದಲ್ಲಿ ನಿಂತು ಎರಡನೆಯ ಸಲ ಓದಬೇಕು.

ಕ್ರಿಯಾಸಮಾಸದ ಒಳಗೆ ನಡೆಯುವುದನ್ನು ಹತ್ತಿರದಿಂದ ನೋಡಬೇಕು. ಸಂಗೀತ ಕೇಳುತ್ತಾ ಕೂತ ಅಜ್ಜ ‘ತಲೆದೂಗಿದರು’ ಎಂದರೆ ಮೆಚ್ಚಿದರು ಎಂದರ್ಥ. ‘ತಲೆಯನ್ನು ತೂಗಿದರು’ ಎಂದು ಬಿಡಿಸಿ ಹೇಳಿದರೆ ತಕ್ಕಡಿ ಕಣ್ಣಮುಂದೆ ಬರುತ್ತದೆ. ‘ಬೆನ್ನಟ್ಟಿದ’ ಎಂಬುದನ್ನು ‘ಬೆನ್ನನ್ನು ಅಟ್ಟಿದ’ ಎಂದರೆ ಅರ್ಥವೇ ಇಲ್ಲ. ‘ಅನ್ನು’ ಬೀಳುವುದು ಬರಿಯ ಉಚ್ಚಾರದ ಸೋಮಾರಿತನವಲ್ಲ. ಅದು ಬಿದ್ದಾಗ ಎರಡು ಅರ್ಥಗಳು ಕರಗಿ ಮೂರನೆಯದು ಹುಟ್ಟುತ್ತದೆ. ‘ಕಂಗೆಡು’ ಎಂಬಲ್ಲಿ ಕಣ್ಣು ಕರ್ಮವೂ ಅಲ್ಲ, ಕೆಡುವುದು ಕಣ್ಣೇ. ಆದರೂ ಕೂಡಿದ ಮೇಲೆ ಕಂಗೆಡುವವನು ಮನುಷ್ಯ. ತಳಕಾಡುಗೊಂಡ ಎಂಬ ಬಿರುದು ಹುಟ್ಟಿದ್ದೂ ಇದೇ ಜೋಡಣೆಯ ಜಾಡಿನಲ್ಲಿ.

ಕೇಶಿರಾಜ ಗುರುತಿಸಿದ ಇನ್ನೊಂದು ಬಗೆ ಗಮಕಸಮಾಸ. ಸುಡುಗಾಡು, ತೂಗುತೊಟ್ಟಿಲು, ಆ ಹುಡುಗ, ಮಾಡಿದಡುಗೆ. ಇವುಗಳಲ್ಲಿ ಕೆಲವನ್ನು ಇಂದಿನ ಭಾಷಾವಿಜ್ಞಾನಿ ಒಂದು ಪದ ಎನ್ನುವುದಿಲ್ಲ, ಪದಪುಂಜ ಎನ್ನುತ್ತಾನೆ. ಸುಡುಗಾಡಿನಲ್ಲಿ ಹೊಲಿಗೆ ಬಿದ್ದಿದೆ. ‘ಆ ಹುಡುಗ’ ಎಂಬುದನ್ನು ‘ಆ ಎತ್ತರದ ಹುಡುಗ’ ಎಂದು ನಡುವೆ ಪದ ತೂರಿಸಿ ಬಿಚ್ಚಬಹುದು. ಸಮಾಸಕ್ಕೂ ಪದಪುಂಜಕ್ಕೂ ನಡುವಿನ ಗಡಿ ಅಲ್ಲಿ ಮಸುಕಾಗಿದೆ ಎಂಬುದು ನಿಜ. ಆ ಗಡಿ ಇಂದಿಗೂ ಎಲ್ಲ ಭಾಷೆಗಳಲ್ಲೂ ಜಗಳದ ಜಾಗವೇ.

ಆ ಜಗಳವೂ ಹೊಸದಲ್ಲ. ಪದಗಳ ನಡುವೆ ಅರ್ಥದ ಸಂಬಂಧವಿದ್ದರೆ ಮಾತ್ರ ಅವು ಕೂಡಬಲ್ಲವು ಎಂದು ಪಾಣಿನಿ ಸಮಾಸದ ಬಾಗಿಲಲ್ಲೇ ಷರತ್ತು ಹಾಕಿದ್ದ. ಅದರ ಮೇಲೆ ಬರೆಯುತ್ತಾ ಪತಂಜಲಿ ‘ಮಹಾಭಾಷ್ಯ’ದಲ್ಲಿ ಕೇಳುವ ಪ್ರಶ್ನೆ ಹೀಗೆ: ‘ರಾಜಪುರುಷ’ ಎಂದು ಕೂಡಿಸಿದ ಮೇಲೆ ‘ಸಿರಿವಂತ’ ಎಂಬ ವಿಶೇಷಣವನ್ನು ಒಳಗಿನ ರಾಜನೊಬ್ಬನಿಗೆ ಮಾತ್ರ ಅಂಟಿಸಬಹುದೇ? ಆಗದು. ಕನ್ನಡದಲ್ಲಿ ಇದನ್ನು ಸುಲಭವಾಗಿ ಪರೀಕ್ಷಿಸಬಹುದು. ‘ಹಳೆಯ ಅರಸನ ಮನೆ’ ಎಂದರೆ ಅರಸ ಹಳಬನೋ, ಮನೆ ಹಳೆಯದೋ ಹೇಳಲಾಗದು. ಎರಡೂ ಅರ್ಥ ಬರುತ್ತದೆ. ‘ಹಳೆಯ ಅರಮನೆ’ ಎಂದ ಕೂಡಲೇ ಅನುಮಾನ ಮುಗಿಯಿತು, ಹಳೆಯದಾದದ್ದು ಅರಮನೆ. ಒಳಗಿರುವ ಅರಸ ಹೊರಗಿನ ಯಾವ ವಿಶೇಷಣಕ್ಕೂ ಈಗ ಸಿಗುವುದಿಲ್ಲ. 1933ರಲ್ಲಿ ಅಮೆರಿಕದ ಲಿಯೊನಾರ್ಡ್ ಬ್ಲೂಮ್‌ಫೀಲ್ಡ್ ತಮ್ಮ ‘ಲ್ಯಾಂಗ್ವೇಜ್’ ಪುಸ್ತಕದಲ್ಲಿ ವಾಕ್ಯವೆಂದರೆ ಮಣಿಸರದಂತೆ ಪೋಣಿಸಿದ ಪದಗಳಲ್ಲ, ಜೋಡಿಯೊಳಗೆ ಜೋಡಿಯಾಗಿ ಕಟ್ಟಿದ್ದು ಎಂದು ತೋರಿಸಿದರು. ಇಪ್ಪತ್ತನೆಯ ಶತಮಾನದ ವಾಕ್ಯರಚನೆಯ ಶಾಸ್ತ್ರ ಅಲ್ಲಿಂದ ಬಹಳ ದೂರ ನಡೆದಿದೆ. ಪತಂಜಲಿ ಕೈಯಿಟ್ಟು ತೋರಿಸಿದ್ದು ಅದೇ ಒಳಜೋಡಣೆಯನ್ನು.

ಮತ್ತೆ ಕೇಶಿರಾಜನ ಕಡೆಗೆ. ಶ್ರೀವಿಜಯನ ಮಜ್ಜಿಗೆಯ ಹನಿ ಅವನ ಕೈಯಲ್ಲಿ ನಿಯಮವಾಯಿತು. ಸಂಸ್ಕೃತ ಪದ, ಕನ್ನಡ ಪದ ಸೇರಿ ಸಮಾಸವಾದರೆ ಅದು ಅರಿಸಮಾಸ. ಅರಿ ಎಂದರೆ ಶತ್ರು. ರುಚಿಯ ಮಾತು ಈಗ ಹಗೆಯ ಮಾತಾಗಿದೆ. ಆದರೆ ಅದೇ ಉಸಿರಿನಲ್ಲಿ ಅವನು ವಿನಾಯಿತಿಗಳನ್ನೂ ಕೊಡುತ್ತಾನೆ: ಹಿಂದಿನ ಕವಿಗಳು ಬಳಸಿದ್ದರೆ ದೋಷವಿಲ್ಲ, ಬಿರುದುಗಳಲ್ಲಿ ದೋಷವಿಲ್ಲ. ಬಿರುದಿಗೇಕೆ ವಿನಾಯಿತಿ? ಅವನ ಕಾಲದ ಶಾಸನಗಳನ್ನು ನೋಡಿದರೆ ಕಾರಣ ತಿಳಿಯುತ್ತದೆ. ಹೊಯ್ಸಳ ಅರಸರು ತಮ್ಮನ್ನು ‘ಮಲೆರಾಜರಾಜ’ ಎಂದು ಕರೆಸಿಕೊಂಡಿದ್ದರು. ಮಲೆ ಕನ್ನಡ, ರಾಜ ಸಂಸ್ಕೃತ. ‘ಗಂಡಭೇರುಂಡ’ದಲ್ಲಿ ಗಂಡ ಕನ್ನಡ, ಭೇರುಂಡ ಸಂಸ್ಕೃತ. ಕಲ್ಲಿನ ಮೇಲೆ ಕೆತ್ತಿಯಾದ ಮಾತನ್ನು, ಹೊಗಳುಭಟರು ದಿನವೂ ಕೂಗುವ ಮಾತನ್ನು ತಪ್ಪೆಂದು ಹೇಳಲು ವೈಯಾಕರಣನಿಗೆ ಆಗಲಿಲ್ಲ. ಬಳಕೆಗೆ ತಲೆಬಾಗುವ ಆ ಗುಣವೇ ಅವನನ್ನು ದೊಡ್ಡವನನ್ನಾಗಿ ಮಾಡಿದ್ದು.

ಇನ್ನೊಂದು ಬಾಗಿಲನ್ನೂ ಅವನು ತೆರೆದಿಟ್ಟಿದ್ದ. ಸಂಸ್ಕೃತ ಪದಗಳು ಕನ್ನಡದ ಬಾಯಲ್ಲಿ ತಿರುಗಿ ತದ್ಭವವಾಗುವ ಬಗೆಯನ್ನು ಅಪಭ್ರಂಶ ಪ್ರಕರಣದಲ್ಲಿ ವಿವರವಾಗಿ ಹೇಳಿದ. ಎರಡು ಪ್ರಕರಣಗಳನ್ನು ಒಟ್ಟಿಗೆ ಓದಬೇಕು. ‘ವರ್ಣ’ ಪರದೇಶದಿಂದ ಬಂದ ಅತಿಥಿ, ‘ಬಣ್ಣ’ ಮನೆಯ ಮಗ. ಬಣ್ಣವಾದ ಮೇಲೆ ಅದು ಹೊನ್ನಿನ ಜೊತೆ ಕೂಡಿ ಹೊಂಬಣ್ಣವಾಗಬಹುದು, ಯಾರ ತಕರಾರೂ ಇಲ್ಲ. ಅವನಿಗಿಂತ ಸ್ವಲ್ಪ ಮೊದಲು, ಅದೇ ಹದಿಮೂರನೆಯ ಶತಮಾನದಲ್ಲಿ ಆಂಡಯ್ಯ ಅಚ್ಚಗನ್ನಡ ಮತ್ತು ತದ್ಭವಗಳಲ್ಲೇ ‘ಕಬ್ಬಿಗರ ಕಾವ’ ಕಾವ್ಯವನ್ನು ಪೂರೈಸಿ, ಆ ಬಾಗಿಲು ಎಷ್ಟು ಅಗಲ ಎಂದು ತೋರಿಸಿದ್ದ.

ಪಂಡಿತರು ಹೀಗೆ ಗಡಿ ಹಾಕುವುದಕ್ಕೆ ನೂರು ವರ್ಷ ಮೊದಲೇ ಕಲ್ಯಾಣದಲ್ಲಿ ಬಸವಣ್ಣ ತನ್ನ ವಚನಗಳಿಗೆ ‘ಕೂಡಲಸಂಗಮದೇವ’ ಎಂಬ ಅಂಕಿತ ಇಟ್ಟಿದ್ದ. ಕೂಡಲ ಎಂದರೂ ನದಿ ಕೂಡುವ ಜಾಗ, ಸಂಗಮ ಎಂದರೂ ಅದೇ. ಒಂದು ಕನ್ನಡ, ಇನ್ನೊಂದು ಸಂಸ್ಕೃತ. ಕೃಷ್ಣೆ ಮಲಪ್ರಭೆಯರು ಕೂಡುವ ಊರಿನ ಹೆಸರಿನಲ್ಲಿ ಎರಡು ಭಾಷೆಗಳೂ ಕೂಡಿದವು. ಅಕ್ಕಮಹಾದೇವಿಯ ‘ಚೆನ್ನಮಲ್ಲಿಕಾರ್ಜುನ’ನೂ ಹಾಗೆಯೇ: ಚೆನ್ನ ನಮ್ಮದು, ಮಲ್ಲಿಕಾರ್ಜುನ ಅಲ್ಲಿಯದು. ಇವುಗಳನ್ನು ಕೇಳಿ ಯಾರ ಕಿವಿಗೂ ಹಾಲು ಒಡೆದಂತಾಗಲಿಲ್ಲ. ನಿತ್ಯ ನಾಲಿಗೆಯ ಮೇಲೆ ಹೊರಳುವ ಪದಕ್ಕೆ ಮೂಲ ಕೇಳುವವರಿಲ್ಲ.

1604ರಲ್ಲಿ ಭಟ್ಟಾಕಳಂಕ ‘ಕರ್ಣಾಟಕ ಶಬ್ದಾನುಶಾಸನ’ವನ್ನು 592 ಸಂಸ್ಕೃತ ಸೂತ್ರಗಳಲ್ಲಿ ಬರೆದ. ಕನ್ನಡ ಶಾಸ್ತ್ರಚರ್ಚೆಗೆ ತಕ್ಕ ಭಾಷೆಯೇ ಎಂದು ಕೇಳುವ ಪಂಡಿತರ ಮುಂದೆ, ಅವರದೇ ಭಾಷೆಯಲ್ಲಿ ಕನ್ನಡದ ಪರ ನಿಂತು ವಾದಿಸಿದ ಪುಸ್ತಕ ಅದು. 1838ರಲ್ಲಿ ಶ್ರೀರಂಗಪಟ್ಟಣದ ಕೃಷ್ಣಮಾಚಾರ್ಯರು ‘ಹೊಸಗನ್ನಡ ನುಡಿಗನ್ನಡಿ’ ಬರೆದು, ಓದಿಗೆ ಮಾತ್ರ ಉಳಿದಿದ್ದ ಹಳಗನ್ನಡವನ್ನು ಬದಿಗಿಟ್ಟು ಜನ ಬಳಸುತ್ತಿದ್ದ ಕನ್ನಡಕ್ಕೆ ವ್ಯಾಕರಣ ಕೊಟ್ಟರು. 1872ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಕಿಟೆಲ್ ಸಂಪಾದಿಸಿದ ‘ಶಬ್ದಮಣಿದರ್ಪಣ’ ಅಚ್ಚಾಗಿ ಬಂತು. ತಾಳೆಗರಿಯಲ್ಲಿದ್ದ ಕೇಶಿರಾಜ ಈಗ ಮೇಷ್ಟರುಗಳ ಮೇಜಿನ ಮೇಲೆ ಬಂದು ಕೂತ. 1903ರಲ್ಲಿ ಕಿಟೆಲ್ ಬರೆದ ಕನ್ನಡ ವ್ಯಾಕರಣಕ್ಕೂ ಅವನೇ ಬುನಾದಿ.

ಅದೇ ಹೊತ್ತಿಗೆ ಉಡುಪಿಯ ವ್ಯಾಯಾಮ ಶಿಕ್ಷಕ ನಂದಳಿಕೆ ಲಕ್ಷ್ಮೀನಾರಣಪ್ಪ, ಅಂದರೆ ಮುದ್ದಣ, ‘ಶ್ರೀರಾಮಾಶ್ವಮೇಧ’ದಲ್ಲಿ ಈ ಹಳೆಯ ವಾದವನ್ನು ಗಂಡಹೆಂಡಿರ ಮಾತುಕತೆಯಾಗಿ ಮಾಡಿದ. ಸಂಸ್ಕೃತ ಹೆಚ್ಚಾದರೆ ಮನೋರಮೆಗೆ ನೀರಿಳಿಯದ ಗಂಟಲಿಗೆ ಕಡುಬು ತುರುಕಿದಂತೆ. ಮುದ್ದಣ ಅವಳಿಗೆ ಕರಿಮಣಿಯ ಸರದಲ್ಲಿ ಹವಳ ಪೋಣಿಸಿದಂತೆ ಎರಡನ್ನೂ ಬೆರೆಸುವ ಮಾತು ಕೊಡುತ್ತಾನೆ. ಹಾಲು ಮಜ್ಜಿಗೆಯಿಂದ ಕರಿಮಣಿ ಹವಳಕ್ಕೆ ಬರಲು ಸಾವಿರ ವರ್ಷ ಹಿಡಿಯಿತು. ಬೆರಕೆ ದೋಷವಲ್ಲ, ಅಂದ ಎಂದು ಹೇಳುವ ಧೈರ್ಯ ಅದು.

ಶಾಲೆಗಳಿಗೆ ಬಂದದ್ದು ಕೇಶಿರಾಜನ ನಿಯಮವೇ ಹೊರತು ಅವನ ಕಿವಿಯಲ್ಲ. ಅರಿಸಮಾಸದ ವ್ಯಾಖ್ಯೆ ಬಾಯಿಪಾಠವಾಯಿತು. ವಿನಾಯಿತಿಗಳ ಹಿಂದಿನ ವಿವೇಕ ತರಗತಿಯಲ್ಲಿ ಉಳಿಯಲಿಲ್ಲ. ಕನ್ನಡದ ಪದಜೋಡಣೆಯನ್ನು ಸಂಸ್ಕೃತದ ಅಚ್ಚುಗಳಿಂದ ಅಳೆಯುವುದೇ ತಪ್ಪು ಎಂದು ಡಿ. ಎನ್. ಶಂಕರ ಭಟ್ ಅವರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಪುಸ್ತಕ ಬರೆದಾಗ ದೊಡ್ಡ ಚರ್ಚೆಯೇ ಎದ್ದಿತು. ಅವರ ಮಾತಿನಲ್ಲಿ ಬಹಳಷ್ಟು ಸತ್ಯವಿದೆ. ಸಮಾಸ ಯಾವ ಜಾತಿಯದೆಂದು ಹೆಸರಿಡುವುದರಲ್ಲಿ ಮಕ್ಕಳ ಹೊತ್ತು ಹೋಗುತ್ತದೆ. ಕೂಡಿದಾಗ ಅರ್ಥ ಹೇಗೆ ಬದಲಾಯಿತು ಎಂದು ಕೇಳುವವರು ಕಡಿಮೆ. ಆದರೂ ಕ್ರಿಯಾಸಮಾಸ ಕಂಡ ಕೇಶಿರಾಜನನ್ನು ಆ ಅಚ್ಚಿನವರ ಸಾಲಿಗೆ ಪೂರ್ತಿ ಸೇರಿಸುವುದು ನ್ಯಾಯವಲ್ಲ.

ಬಳಕೆಯ ಕನ್ನಡವಂತೂ ಯಾರ ಅಪ್ಪಣೆಗೂ ಕಾಯಲಿಲ್ಲ. ರಾಜಮನೆತನ ಎನ್ನುವಾಗ ಅರಿಸಮಾಸ ಎಂದು ಯಾರೂ ತಡವರಿಸುವುದಿಲ್ಲ. ಜಿಲ್ಲಾಧಿಕಾರಿ ಎಂಬಲ್ಲಿ ಅರಬ್ಬಿಯಿಂದ ಬಂದ ಜಿಲ್ಲೆ, ಸಂಸ್ಕೃತದ ಅಧಿಕಾರಿಯ ಜೊತೆ ಸವರ್ಣದೀರ್ಘ ಸಂಧಿಯನ್ನೇ ಮಾಡಿಕೊಂಡಿದೆ. ಬಸ್ ನಿಲ್ದಾಣ, ರೈಲುಹಳಿ, ಕಾನೂನುಬಾಹಿರ ಎಲ್ಲವೂ ಪತ್ರಿಕೆಯಲ್ಲಿ ದಿನವೂ ಅಚ್ಚಾಗುವ ಬೆರಕೆಗಳೇ. ಹೊಲಿಗೆ ಹಾಕುವ ಪದ್ಧತಿ ಸ್ವಲ್ಪ ಸಡಿಲವಾಗಿದೆ ಎಂಬುದೂ ನಿಜ: ಮನೆಗೆಲಸ ಎನ್ನುವವರ ಜೊತೆಗೆ ಮನೆಕೆಲಸ ಎನ್ನುವವರೂ ಇದ್ದಾರೆ. ಆದರೆ ಕೂಲಿಕಾರರ ಬಾಯಲ್ಲೂ ಸರ್ಕಾರದ ಆದೇಶದಲ್ಲೂ ಒಂದೇ ರೂಪದಲ್ಲಿ ನಿಂತ ‘ದಿನಗೂಲಿ’ಯನ್ನು ನೋಡಿ. ದಿನ ಸಂಸ್ಕೃತ, ಕೂಲಿ ಕನ್ನಡ, ಕಕಾರ ಗಕಾರವಾಗಿದೆ.

ಮುಂದಿನ ಸಲ ವೋಟು ಹಾಕಲು ಊರಿನ ಶಾಲೆಗೆ ಹೋದಾಗ ಬಾಗಿಲ ಪಕ್ಕದ ಚೀಟಿಯನ್ನು ಒಂದು ಗಳಿಗೆ ನಿಂತು ಓದಿ. ‘ಮತಗಟ್ಟೆ’ ಎಂದು ಬರೆದಿರುತ್ತದೆ. ಮತ ಸಂಸ್ಕೃತದ್ದು, ಕಟ್ಟೆ ನಮ್ಮ ಅರಳಿಮರದ ಬುಡದ್ದು. ನಡುವಿನ ಗಕಾರ ಹಲ್ಮಿಡಿಯ ಬಾಳ್ಗಳ್ಚುವಿನಲ್ಲಿ, ವಿಷ್ಣುವರ್ಧನನ ನಾಣ್ಯದಲ್ಲಿ ಇದ್ದ ಅದೇ ಗಕಾರ.